ಲಗ್ನವೆಂದರೇನು?

2024ನೆಯ ಇಸವಿ ಅಕ್ಟೋಬರ್ 12ನೆಯ ತಾರೀಖು ವಿಜಯದಶಮಿ. ಅಂದು ಮೈಸೂರಿನ ಅರಮನೆಯ ಬಲರಾಮದ್ವಾರದ ಬಳಿ ನಂದಿಧ್ವಜದ ಪೂಜೆಗೆ ಗೊತ್ತುಮಾಡಿದ್ದ ಕಾಲ ಮಧ್ಯಾಹ್ನ 1-41ರಿಂದ 2-10ರವರೆಗೆ, ಮಕರ ಲಗ್ನ. ಅಂಬಾರಿಯಲ್ಲಿ ಬಿಜಯಮಾಡಿಸಿದ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯ ಕಾಲ ಸಂಜೆ 4ರಿಂದ 4-30ರವರೆಗೆ, ಕುಂಭ ಲಗ್ನ. ವರ್ಷವರ್ಷವೂ ಇಂತಹ ಪ್ರಕಟಣೆಯನ್ನು ಓದಿ ನಾವು ಗಡಿಯಾರದ ವೇಳೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ. ಸುಡುಬಿಸಿಲಿನ ಎರಡು ಘಂಟೆಯ ಹೊತ್ತಿನಲ್ಲಿ ಮಕರರಾಶಿಗೆ ಏನು ಕೆಲಸವೆಂದು ಯಾರೂ ಕೇಳುವುದಿಲ್ಲ.

ಲಗ್ನವೆಂದರೆ 'ತಗುಲಿಕೊಂಡಿರುವುದು' ಎಂದರ್ಥ. ಮೂಡಣ ಕ್ಷಿತಿಜಕ್ಕೆ ಆ ಕ್ಷಣದಲ್ಲಿ ತಗುಲಿಕೊಂಡಿರುವ ರಾಶಿಯೇ ಲಗ್ನ. ಮದುವೆಯನ್ನು ಇಂತಹ ಒಂದು ರಾಶಿ ಉದಯಿಸುವ ಹೊತ್ತಿಗೆ ಇಟ್ಟುಕೊಳ್ಳುವ ಪದ್ಧತಿಯಿಂದಾಗಿ ನಮ್ಮ ಮನೆಗಳಲ್ಲಿ ಲಗ್ನವೆಂಬ ಮಾತು ಮದುವೆಗೇ ಹೆಸರಾಗಿಬಿಟ್ಟಿದೆ. ಗ್ರೀಕರು 'ಹೊರೊಸ್ಕೊಪೊಸ್' ಎಂದು ಕರೆದದ್ದೂ ಈ ಉದಯಿಸುವ ಬಿಂದುವನ್ನೇ. ಇಂಗ್ಲಿಷಿನಲ್ಲಿ ಜಾತಕಕ್ಕೆ ಹೇಳುವ ಹಾರೋಸ್ಕೋಪ್ ಎಂಬ ಶಬ್ದ ಅಲ್ಲಿಂದ ಬಂದುದು.

ನಕ್ಷತ್ರಗಳ ನಡುವೆ ಸೂರ್ಯನು ಒಂದು ವರ್ಷದಲ್ಲಿ ಸುತ್ತಿಬರುವಂತೆ ತೋರುವ ಹಾದಿಗೆ ಕ್ರಾಂತಿವೃತ್ತವೆಂದು ಹೆಸರು. ಅದನ್ನು ಮೂವತ್ತು ಮೂವತ್ತು ಅಂಶಗಳ ಹನ್ನೆರಡು ಭಾಗ ಮಾಡಿದರೆ ಹನ್ನೆರಡು ರಾಶಿಗಳಾಗುವುವು. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಈ ಇಡೀ ವೃತ್ತ 23 ಘಂಟೆ 56 ನಿಮಿಷಗಳಲ್ಲಿ ಒಮ್ಮೆ ನಮ್ಮನ್ನು ಸುತ್ತಿದಂತೆ ಕಾಣುವುದು. ಜಾತ್ರೆಯ ರಾಟೆತೊಟ್ಟಿಲನ್ನು ನೆನೆಯಿರಿ. ಅದಕ್ಕೆ ಹನ್ನೆರಡು ತೊಟ್ಟಿಲುಗಳಿವೆಯೆಂದೂ ಅದರ ಕೆಳಗಿನ ಅರ್ಧವನ್ನು ಒಂದು ಗೋಡೆ ಮರೆಮಾಡಿದೆಯೆಂದೂ ಭಾವಿಸಿದರೆ, ಗೋಡೆಯ ಅಂಚಿನಿಂದ ಆಗತಾನೇ ಮೇಲಕ್ಕೆ ತಲೆಯೆತ್ತುತ್ತಿರುವ ತೊಟ್ಟಿಲೇ ಲಗ್ನ. ಹಗಲಾದರೇನು, ಇರುಳಾದರೇನು, ರಾಟೆ ನಿಲ್ಲುವುದಿಲ್ಲ. ಅಂದು ಮಧ್ಯಾಹ್ನ ಎರಡು ಘಂಟೆಗೆ ಮಕರವು ಮೂಡಣದಲ್ಲಿ ನಿಜವಾಗಿಯೂ ಮೇಲೇಳುತ್ತಿತ್ತು. ಬಿಸಿಲಿನಿಂದಾಗಿ ಅದರ ನಕ್ಷತ್ರಗಳು ಕಾಣಲಿಲ್ಲ, ಅಷ್ಟೆ.

ಕಾಣದುದನ್ನು ಅರಿಯುವುದು ಹೇಗೆ? ಉಪಾಯ ಸುಲಭವಾದುದು. ಸೂರ್ಯೋದಯದ ಕ್ಷಣದಲ್ಲಿ ಸೂರ್ಯನೇ ಕ್ಷಿತಿಜದ ಮೇಲಿರುತ್ತಾನಾದುದರಿಂದ ಅವನಿರುವ ರಾಶಿಯೇ ಆಗಿನ ಲಗ್ನ. ಆ ವಿಜಯದಶಮಿಯಂದು ಸೂರ್ಯನು ಕನ್ಯಾರಾಶಿಯ 25 ಅಂಶಗಳನ್ನು ಕಳೆದಿದ್ದನು. ಮೈಸೂರಿನಲ್ಲಿ ಸೂರ್ಯೋದಯವಾದುದು ಬೆಳಿಗ್ಗೆ 6-15ರ ಸುಮಾರಿಗೆ. ಕನ್ಯೆಯ ಉಳಿದ ಐದು ಅಂಶಗಳು 6-37ಕ್ಕೆ ಮುಗಿದುವು. ಬಳಿಕ ತುಲೆ 8-43ರವರೆಗೆ, ವೃಶ್ಚಿಕ 10-55ರವರೆಗೆ, ಧನುಸ್ಸು 1-02ರವರೆಗೆ, ಮಕರ 2-56ರವರೆಗೆ, ಕುಂಭ 4-38ರವರೆಗೆ. ಅರಮನೆಯ ಎರಡು ಮುಹೂರ್ತಗಳೂ ಈ ಲೆಕ್ಕದೊಳಗೆ ಸರಿಯಾಗಿ ಕುಳಿತಿರುವುದನ್ನು ಓದುಗರು ತಾವೇ ನೋಡಬಹುದು. ಗಣಿತದ ಮಟ್ಟಿಗೆ ಪಂಚಾಂಗದವರು ಹೇಳುವುದು ಸುಳ್ಳಲ್ಲ.

ಇಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದು. ಹನ್ನೆರಡು ರಾಶಿಗಳಿಗೆ ಇಪ್ಪತ್ತನಾಲ್ಕು ಘಂಟೆಯಾದರೆ ಒಂದೊಂದಕ್ಕೂ ಎರಡು ಘಂಟೆ ಬರಬೇಕಷ್ಟೆ? ಆದರೆ ವೃಶ್ಚಿಕವು 2 ಘಂಟೆ 11 ನಿಮಿಷಕ್ಕೂ ಮಿಕ್ಕಿ ಕಾಲ ತೆಗೆದುಕೊಂಡಿತು, ಕುಂಭವು 1 ಘಂಟೆ 42 ನಿಮಿಷ ಮಾತ್ರ. ಮೀನಕ್ಕೆ ಇನ್ನೂ ಕಡಮೆ, 1 ಘಂಟೆ 40 ನಿಮಿಷ. ಕ್ರಾಂತಿವೃತ್ತವು ವಿಷುವದ್ವೃತ್ತಕ್ಕೆ ಸುಮಾರು 23½ ಅಂಶ ಓರೆಯಾಗಿರುವುದೇ ಇದಕ್ಕೆ ಕಾರಣ. ನೀರಿನಲ್ಲಿ ಮುಳುಗಿರುವ ಕೋಲೊಂದನ್ನು ಮೇಲೆತ್ತಿ ನೋಡಿ. ನೆಟ್ಟಗೆ ಹಿಡಿದು ಎತ್ತಿದರೆ ಅದು ಗೇಣುಗೇಣಾಗಿ ಹೊರಬರುವುದು; ಓರೆಯಾಗಿ ಹಿಡಿದು ಎತ್ತಿದರೆ ಬೇಗನೆ ಪೂರ್ತಿ ಹೊರಬರುವುದು. ಮೀನವು ಉದಯಿಸುವಾಗ ಕ್ರಾಂತಿವೃತ್ತವು ನಮ್ಮ ಕ್ಷಿತಿಜಕ್ಕೆ ಓರೆಯಾಗಿರುವುದು, ಕನ್ಯೆ ತುಲೆಗಳು ಉದಯಿಸುವಾಗ ಹೆಚ್ಚುಕಡಮೆ ನೆಟ್ಟಗಿರುವುದು.

ಈ ಓರೆಯು ಊರಿನ ಅಕ್ಷಾಂಶವನ್ನು ಅನುಸರಿಸಿ ಬದಲಾಗುವುದು. ಮೈಸೂರು 12 ಅಂಶ 18 ಕಲೆಗಳ ಉತ್ತರ ಅಕ್ಷಾಂಶದಲ್ಲಿರುವುದರಿಂದ ನಮ್ಮಲ್ಲಿ ವ್ಯತ್ಯಾಸ ಸುಮಾರು ಅರ್ಧ ಘಂಟೆಯಷ್ಟೆ. ಲಂಡನ್ನಿನಲ್ಲಿಯಾದರೋ ಮೀನವು ಕೇವಲ 51 ನಿಮಿಷಗಳಲ್ಲಿ ಉದಯಿಸಿ ಮುಗಿಯುವುದು. ನಮ್ಮಲ್ಲಿ ನೂರಕ್ಕೆ ಏಳು ಮಂದಿ ಮೀನಲಗ್ನದವರಾದರೆ ಅಲ್ಲಿ ನಾಲ್ಕು ಮಂದಿಯೂ ಇರಲಾರರು. ನಾರ್ವೆ ದೇಶದ ಟ್ರೊಮ್ಸೊ ನಗರ 69½ ಅಂಶಕ್ಕೂ ಉತ್ತರದಲ್ಲಿದೆ. ಅಲ್ಲಿ ಮಿಥುನ ಮುಳುಗುವುದೇ ಇಲ್ಲ, ಧನುಸ್ಸು ಮೂಡುವುದೇ ಇಲ್ಲ. ಮುಳುಗದುದು ಉದಯಿಸುವುದೆಂತು? ಆದುದರಿಂದ ಆ ಊರಿನಲ್ಲಿ ಮಿಥುನಲಗ್ನದ ಶಿಶುವಾಗಲಿ ಧನುರ್ಲಗ್ನದ ಶಿಶುವಾಗಲಿ ಎಂದಿಗೂ ಹುಟ್ಟುವಂತಿಲ್ಲ. ಲಗ್ನದಿಂದ ಮನುಷ್ಯನ ದೇಹವೂ ಸ್ವಭಾವವೂ ನಿರ್ಣಯವಾಗುವುವೆಂಬುದು ಫಲಜ್ಯೋತಿಷದ ಮೊದಲ ಪಾಠ. ಹಾಗಿದ್ದರೆ ಆ ಎರಡು ಬಗೆಯ ಸ್ವಭಾವದವರು ಟ್ರೊಮ್ಸೊದಲ್ಲಿ ಹುಟ್ಟುವುದೇ ಇಲ್ಲವೆ?

ಗಡಿಯಾರದ ತೊಡಕೂ ಒಂದುಂಟು. ನಮ್ಮ ಗಡಿಯಾರಗಳು ತೋರಿಸುವುದು 82½ ಅಂಶ ಪೂರ್ವ ರೇಖಾಂಶದ ಕಾಲವನ್ನು; ಬ್ರಿಟಿಷ್ ಇಂಡಿಯಾದಲ್ಲಿ ಇದು 1906ರಲ್ಲಿ ಜಾರಿಗೆ ಬಂದಿತು. ಮೈಸೂರು ಇರುವುದು 76 ಅಂಶ 39 ಕಲೆಗಳ ರೇಖಾಂಶದಲ್ಲಿ. ಆದುದರಿಂದ ಇಲ್ಲಿಯ ನಿಜವಾದ ಸ್ಥಳೀಯ ಕಾಲ ಗಡಿಯಾರಕ್ಕಿಂತ 23 ನಿಮಿಷ 24 ಸೆಕೆಂಡು ಹಿಂದೆ. ಸೂರ್ಯೋದಯದಿಂದ ಗಳಿಗೆ ಎಣಿಸಿ ಜಾತಕ ಬರೆಯುತ್ತಿದ್ದ ಹಿಂದಿನವರಿಗೆ ಈ ಕಷ್ಟವಿರಲಿಲ್ಲ. ಗಡಿಯಾರ ನೋಡಿ ಬರೆದು ತಿದ್ದುಪಡಿಯನ್ನು ಮರೆತರೆ ಐದು ಜಾತಕಗಳಲ್ಲಿ ಒಂದರ ಲಗ್ನವೇ ತಪ್ಪುವುದು.

ತಪ್ಪಿದರೆ ಏನಾಯಿತು ಎನ್ನುವಿರಾ? ಜಾತಕದ ಹನ್ನೆರಡು ಮನೆಗಳನ್ನು ಎಣಿಸುವುದು ಲಗ್ನದಿಂದ. ಅದು ಒಂದು ರಾಶಿ ಜರುಗಿದರೆ ಎಲ್ಲ ಗ್ರಹಗಳೂ ಮನೆ ಬದಲಾಯಿಸುವುವು. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡು, ಈ ಐದು ಮನೆಗಳಲ್ಲಿ ಯಾವುದರಲ್ಲಾದರೂ ಕುಜನಿದ್ದರೆ ಕುಜದೋಷವೆಂದು ಹೇಳುವರು; ವಿನಾಯಿತಿಗಳೂ ಹಲವುಂಟು. ಹನ್ನೆರಡರಲ್ಲಿ ಐದು! ಎಂದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಈ ಬಲೆಗೆ ಬೀಳಬೇಕು. ಮೇಲಿನ ವಿಜಯದಶಮಿಯ ದಿನವನ್ನೇ ತೆಗೆದುಕೊಳ್ಳೋಣ. ಅಂದು ಕುಜನು ಮಿಥುನದಲ್ಲಿದ್ದನು. ಮೈಸೂರಿನಲ್ಲಿ ಬೆಳಿಗ್ಗೆ 8-40ಕ್ಕೆ ಒಂದು ಹೆಣ್ಣುಮಗು ಹುಟ್ಟಿತೆಂದು ಭಾವಿಸಿರಿ. ತುಲಾಲಗ್ನ, ತುಲೆಯಿಂದ ಮಿಥುನ ಒಂಬತ್ತನೆಯ ಮನೆ, ದೋಷವಿಲ್ಲ. 8-46ಕ್ಕೆ ಪಕ್ಕದ ಹಾಸಿಗೆಯಲ್ಲಿ ಇನ್ನೊಂದು ಹೆಣ್ಣು ಹುಟ್ಟಿದರೆ ವೃಶ್ಚಿಕಲಗ್ನ, ಕುಜ ಎಂಟನೆಯ ಮನೆಯವನು. ಇಪ್ಪತ್ತೈದು ವರ್ಷಗಳ ತರುವಾಯ ಒಬ್ಬಳ ಜಾತಕವನ್ನು ಗಂಡಿನ ಕಡೆಯವರು ಇಟ್ಟುಕೊಳ್ಳುವರು, ಮತ್ತೊಬ್ಬಳದನ್ನು ಹಿಂದಿರುಗಿಸುವರು. ಹೆರಿಗೆಯ ಕೋಣೆಯಲ್ಲಿ ದಾದಿಯು ತಾಯಿಮಗುವಿನ ಆರೈಕೆ ಮುಗಿಸಿ ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿ ಬರೆದ ವೇಳೆ ಅದು. ಐದು ನಿಮಿಷ ಹೆಚ್ಚೋ ಕಡಮೆಯೋ ಯಾರು ಬಲ್ಲರು!

ಅದೂ ಹೋಗಲಿ, ವೇಳೆ ಕರಾರುವಾಕ್ಕಾಗಿ ಸಿಕ್ಕಿತೆನ್ನೋಣ. ರಾಶಿಚಕ್ರ ಎಲ್ಲಿ ಆರಂಭವಾಗುವುದೆಂಬ ವಿಷಯದಲ್ಲಿಯೇ ಒಮ್ಮತವಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ವಿಷುವಬಿಂದು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುತ್ತಿದೆ. ಹೀಗೆ ಸರಿದ ದೂರವೇ ಅಯನಾಂಶ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು 1956ರ ಮಾರ್ಚ್ 21ಕ್ಕೆ ಅದನ್ನು 23 ಅಂಶ 15 ಕಲೆ ಎಂದು ಗೊತ್ತುಮಾಡಿತು. ಈಗ ಅದು 24 ಅಂಶಗಳನ್ನು ದಾಟಿದೆ. ಬೆಂಗಳೂರಿನ ಪ್ರಸಿದ್ಧ ಜ್ಯೋತಿಷಿ ಬಿ. ವಿ. ರಾಮನ್ ಅವರು ಬಳಸಿದ ಅಯನಾಂಶ ಇದಕ್ಕಿಂತ ಸುಮಾರು ಒಂದೂವರೆ ಅಂಶ ಕಡಮೆ. ಆ ಲೆಕ್ಕದಲ್ಲಿ ಅಂದು ವೃಶ್ಚಿಕವು ಆರು ನಿಮಿಷ ಮೊದಲೇ, 8-37ಕ್ಕೇ, ಮೂಡತೊಡಗುವುದು. 8-40ರ ಆ ಮಗು ಒಬ್ಬರ ಗಣಿತದಲ್ಲಿ ನಿರ್ದೋಷಿ, ಇನ್ನೊಬ್ಬರ ಗಣಿತದಲ್ಲಿ ಕುಜದೋಷದವಳು!

ಇಂತಹ ತೊಡಕುಗಳಿದ್ದರೂ ಫಲವು ಕೂಡಿಬರುವುದೇನೋ ಎಂದು ಕೆಲವರು ಹೇಳಬಹುದು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಖಗೋಳವಿಜ್ಞಾನಿ ಜಯಂತ ನಾರಳೀಕರರೂ ಅವರ ಸಂಗಡಿಗರೂ ಮಹಾರಾಷ್ಟ್ರದಲ್ಲಿ ನಡೆಸಿದ ಪರೀಕ್ಷೆಯ ವರದಿ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಓದಿನಲ್ಲಿ ಜಾಣರಾದ ನೂರು ಮಕ್ಕಳ ಮತ್ತು ಬುದ್ಧಿಯ ಬೆಳವಣಿಗೆ ಕುಂಠಿತವಾದ ನೂರು ಮಕ್ಕಳ ಜಾತಕಗಳನ್ನು ಕಲೆಹಾಕಿ, ಜ್ಯೋತಿಷಿಗಳಿಗೆ ತಲಾ ನಲವತ್ತನ್ನು ಕೊಟ್ಟು, ಯಾವುದು ಯಾರದೆಂದು ಹೇಳಿರೆಂದು ಕೇಳಿದರು. ಉತ್ತರ ಕಳುಹಿಸಿದವರು 27 ಮಂದಿ. ಅವರು ಸರಿಯಾಗಿ ಹೇಳಿದ್ದು ಸರಾಸರಿ ನೂರಕ್ಕೆ 46. ಕಾಸು ಚಿಮ್ಮಿ ಹೇಳಿದ್ದರೂ ಐವತ್ತರ ಸುಮಾರಿಗೆ ಬರುತ್ತಿತ್ತು.

ಲಗ್ನವನ್ನು ಕಣ್ಣಾರೆ ಕಾಣಬೇಕೆಂಬ ಆಸೆಯುಳ್ಳವರಿಗೆ ವಿಜಯದಶಮಿಯ ರಾತ್ರಿಯೇ ಅನುಕೂಲವಾದುದು. 2024ರಲ್ಲಿ ಅಂದು 8-07ಕ್ಕೆ ವೃಷಭಲಗ್ನ ಆರಂಭವಾಯಿತು. ಎಂಟೂವರೆಗೆ ಮುಂಚೆಯೇ ಕೃತ್ತಿಕೆಯ ಗೊಂಚಲು ಕ್ಷಿತಿಜವನ್ನು ದಾಟಿತು. ಸುಮಾರು 9-20ಕ್ಕೆ ಅದರ ಹಿಂದೆಯೇ ಕೆಂಪಗೆ ರೋಹಿಣಿ ಮೂಡಿತು. ದಿನಕ್ಕೆ ನಾಲ್ಕು ನಿಮಿಷದಂತೆ ಉದಯ ಮುಂದಾಗುವುದರಿಂದ ನವೆಂಬರ್ ಮಧ್ಯದ ಹೊತ್ತಿಗೆ ಕೃತ್ತಿಕೆ ಮುಸ್ಸಂಜೆಯಲ್ಲಿಯೇ ಮೂಡುವುದು. ಮಾಳಿಗೆಯ ಮೇಲೆ ಹೋಗಿ ಮೂಡಣದ ಅಂಚಿನಲ್ಲಿ ಅದನ್ನು ಗುರುತಿಸಿ ವೇಳೆಯನ್ನು ಬರೆದಿಡಿ. ಹತ್ತು ದಿನ ಬಿಟ್ಟು ಮತ್ತೆ ನೋಡಿದಾಗ ಸುಮಾರು ನಲವತ್ತು ನಿಮಿಷದ ವ್ಯತ್ಯಾಸ ಕಂಡುಬರುವುದು.