ಅಲೆಕ್ಸಾಂಡ್ರಿಯದ ಗ್ರಂಥಭಂಡಾರ: ಅಳಿದುದು ಮತ್ತು ಮರಳಿ ಎದ್ದುದು

ಗ್ರಂಥಸಂಗ್ರಹ, ಪ್ರತಿಲೇಖನ, ಪಾಠಪರಿಷ್ಕರಣ ಈ ಮೂರೂ ಕಾರ್ಯಗಳು ಒಂದೇ ಆಶ್ರಯದಲ್ಲಿ ಶಾಸ್ತ್ರೀಯವಾಗಿ ನಡೆದ ಪ್ರಾಚೀನ ಕೇಂದ್ರಗಳಲ್ಲಿ ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯದ ಗ್ರಂಥಭಂಡಾರಕ್ಕೆ ಅಗ್ರಸ್ಥಾನ ಸಲ್ಲುತ್ತದೆ. ಅದು ಅಳಿದು ಹಲವು ಶತಮಾನಗಳ ತರುವಾಯ, ಅದೇ ನಗರದ ಅದೇ ಕಡಲತೀರದಲ್ಲಿ, ಅದರ ಸ್ಮರಣೆಗಾಗಿ ಹೊಸ ಗ್ರಂಥಾಲಯವೊಂದನ್ನು ಕಟ್ಟಲಾಗಿದೆ. ಅಳಿದ ಗ್ರಂಥಭಂಡಾರವನ್ನು ಮರಳಿ ಎಬ್ಬಿಸುವುದೆಂದರೇನು ಎಂಬ ಪ್ರಶ್ನೆಗೆ ಈ ಕಟ್ಟಡ ಒಂದು ಬಗೆಯ ಉತ್ತರವಾಗಿದೆ. ಹಸ್ತಪ್ರತಿಗಳ ರಕ್ಷಣೆಯಲ್ಲಿ ಆಸಕ್ತಿಯುಳ್ಳವರು ಆ ಉತ್ತರವನ್ನು ಪರಿಶೀಲಿಸುವುದು ಉಚಿತವಾಗಿದೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಸ್ಥಾಪಿಸಿದ ಈ ನಗರವು ಅವನ ಸೇನಾನಿ ಟಾಲೆಮಿಯ ವಂಶದವರಿಗೆ ರಾಜಧಾನಿಯಾಯಿತು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಮೊದಲಿಬ್ಬರು ಟಾಲೆಮಿಗಳ ಆಶ್ರಯದಲ್ಲಿ, ವಿದ್ಯಾದೇವತೆಗಳಿಗೆ ಮೀಸಲಾದ ವಿದ್ವತ್‌ಸಭೆಯೂ ಅದಕ್ಕೆ ಸೇರಿದಂತೆ ಗ್ರಂಥಭಂಡಾರವೂ ರೂಪುಗೊಂಡವು. ಇವರಲ್ಲಿ ಎರಡನೆಯ ಟಾಲೆಮಿಯ ಹೆಸರು ಭಾರತಕ್ಕೂ ಪರಿಚಿತವಾದುದು. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಉಕ್ತನಾದ ಯವನರಾಜ ತುರಮಾಯನು ಇವನೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ.

ಗ್ರಂಥಗಳನ್ನು ಕೂಡಿಹಾಕುವುದರಲ್ಲಿ ಟಾಲೆಮಿಗಳಿಗಿದ್ದ ಹಂಬಲ ಅಸಾಧಾರಣವಾದುದು. ಬಂದರಿಗೆ ಬಂದ ಹಡಗುಗಳಲ್ಲಿದ್ದ ಪುಸ್ತಕಗಳನ್ನು ವಶಪಡಿಸಿಕೊಂಡು, ಪ್ರತಿಮಾಡಿಸಿ, ಮೂಲವನ್ನು ತಾವಿಟ್ಟುಕೊಂಡು ಪ್ರತಿಯನ್ನು ಮಾತ್ರ ಒಡೆಯರಿಗೆ ಹಿಂದಿರುಗಿಸುತ್ತಿದ್ದರೆಂದು ವೈದ್ಯ ಗೇಲೆನ್ ಬರೆದಿದ್ದಾನೆ. ಅಥೆನ್ಸಿನ ಮೂವರು ಮಹಾನಾಟಕಕಾರರ ಅಧಿಕೃತ ಪ್ರತಿಗಳನ್ನು 15 ಟ್ಯಾಲೆಂಟ್ ಬೆಳ್ಳಿಯ ಠೇವಣಿಯ ಮೇಲೆ ತರಿಸಿಕೊಂಡು, ಠೇವಣಿಯನ್ನು ಬಿಟ್ಟುಕೊಟ್ಟು ಮೂಲಗಳನ್ನೇ ಉಳಿಸಿಕೊಂಡ ಸಂಗತಿಯನ್ನೂ ಅವನೇ ತಿಳಿಸಿದ್ದಾನೆ. ಸುರುಳಿಗಳ ಸಂಖ್ಯೆಯ ವಿಷಯದಲ್ಲಿ ಪ್ರಾಚೀನರಲ್ಲಿ ಏಕವಾಕ್ಯತೆಯಿಲ್ಲ. 40,000ದಿಂದ 7,00,000ದವರೆಗೆ ಬೇರೆ ಬೇರೆ ಲೆಕ್ಕಗಳು ದೊರೆಯುತ್ತವೆ.

ಸಂಖ್ಯೆಗಿಂತ ಅಲ್ಲಿ ನಡೆದ ಕೆಲಸವೇ ಹೆಚ್ಚು ಮಹತ್ವದ್ದು. ಜೆನೊಡೋಟಸನು ಹೋಮರನ ಕಾವ್ಯಗಳ ಪ್ರತಿಗಳನ್ನು ಪರಿಶೀಲಿಸಿ ಪಾಠಶೋಧನೆಗೆ ತೊಡಗಿದನು. ಪ್ರಕ್ಷಿಪ್ತವೆಂದು ಶಂಕಿಸಿದ ಸಾಲುಗಳನ್ನು ಅಳಿಸಿಹಾಕದೆ, ಅಂಚಿನಲ್ಲಿ ಒಂದು ಗೆರೆಯೆಳೆದು ಸೂಚಿಸುವ ಪದ್ಧತಿ ಅವನಿಂದ ಆರಂಭವಾಯಿತು. ಮುಂದೆ ಅರಿಸ್ಟಾರ್ಕಸನು ಅದನ್ನು ವಿಸ್ತರಿಸಿದನು. ತನಗೆ ಒಪ್ಪಿಗೆಯಾಗದ ಪಾಠವನ್ನೂ ಮುಂದಿನ ಓದುಗರಿಗಾಗಿ ಉಳಿಸುವ ಈ ಸಂಯಮವೇ ಗ್ರಂಥಸಂಪಾದನೆಯ ಮೊದಲ ಪಾಠವಾಗಿದೆ. ಕವಿ ಕಲ್ಲಿಮಾಕಸನು 120 ಸುರುಳಿಗಳಲ್ಲಿ ಗ್ರಂಥಸೂಚಿಯನ್ನು ರಚಿಸಿದನು. ಅದರಲ್ಲಿ ಗ್ರಂಥಕರ್ತರನ್ನು ಪ್ರಕಾರಾನುಸಾರವಾಗಿ ವಿಂಗಡಿಸಿ, ಅವರ ಚರಿತ್ರೆ, ಕೃತಿಯ ಮೊದಲ ಸಾಲು, ಒಟ್ಟು ಸಾಲುಗಳ ಸಂಖ್ಯೆ ಇವನ್ನು ಕೊಡಲಾಗಿತ್ತು. ಭಾರತೀಯ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳಲ್ಲಿ ಆದಿವಾಕ್ಯವನ್ನೂ ಗ್ರಂಥಾಗ್ರವನ್ನೂ ಕೊಡುವ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ ಈ ಸೂಚಿಯೂ ಉಳಿದಿಲ್ಲ. ಅನ್ಯರು ಉದ್ಧರಿಸಿದ ತುಣುಕುಗಳು ಮಾತ್ರ ದೊರೆತಿವೆ.

ಈ ಭಂಡಾರವು ಒಂದೇ ಬೆಂಕಿಗೆ ಆಹುತಿಯಾಯಿತೆಂಬ ಜನಪ್ರಿಯ ಕಥೆಯನ್ನು ಒಪ್ಪುವುದು ಕಷ್ಟ. ಕ್ರಿ.ಪೂ. 145ರ ಸುಮಾರಿಗೆ ಎಂಟನೆಯ ಟಾಲೆಮಿಯು ವಿದ್ವಾಂಸರನ್ನು ನಗರದಿಂದ ಹೊರದೂಡಿದನು. ಕ್ರಿ.ಪೂ. 48ರಲ್ಲಿ ಸೀಸರನು ಹಡಗುಗಳಿಗೆ ಹಚ್ಚಿಸಿದ ಬೆಂಕಿಯಿಂದ ಪುಸ್ತಕಗಳಿಗೂ ಹಾನಿಯಾಯಿತೆಂದು ಹೇಳಲಾಗಿದೆ. ಕ್ರಿ.ಶ. 391ರ ಸುಮಾರಿನಲ್ಲಿ, ಉಪಭಂಡಾರವಿದ್ದ ಸೆರಾಪಿಸ್ ದೇವಾಲಯವು ನೆಲಸಮವಾಯಿತು. ಖಲೀಫ ಉಮರನ ಆಜ್ಞೆಯಿಂದ ಗ್ರಂಥಗಳನ್ನು ಸುಡಲಾಯಿತೆಂಬ ಕಥೆಯಾದರೋ ಘಟನೆಯ ಕಾಲಕ್ಕೆ ಆರು ಶತಮಾನಗಳ ಅನಂತರದ ಬರಹಗಳಲ್ಲಿ ಮೊದಲು ಕಾಣಿಸಿಕೊಳ್ಳುವುದರಿಂದ ವಿಶ್ವಾಸಾರ್ಹವಲ್ಲ. ಇವೆಲ್ಲಕ್ಕಿಂತ ಸದ್ದಿಲ್ಲದ ಕಾರಣವೊಂದಿದೆ. ಕಡಲತೀರದ ತೇವದಲ್ಲಿ ಪಪೈರಸ್ ಬಹುಕಾಲ ಬಾಳುವುದಿಲ್ಲ. ಮತ್ತೆ ಮತ್ತೆ ಪ್ರತಿಮಾಡಿದರೆ ಮಾತ್ರ ಗ್ರಂಥ ಉಳಿಯುತ್ತದೆ. ರಾಜಾಶ್ರಯ ಕುಗ್ಗಿ ಲಿಪಿಕಾರನ ಕೈ ನಿಂತಲ್ಲಿ ಬೆಂಕಿಯ ಅಗತ್ಯವೇ ಇರುವುದಿಲ್ಲ.

ಹೊಸ ಗ್ರಂಥಾಲಯದ ಕಲ್ಪನೆ 1970ರ ದಶಕದಲ್ಲಿ ಅಲೆಕ್ಸಾಂಡ್ರಿಯ ವಿಶ್ವವಿದ್ಯಾಲಯದಲ್ಲಿ ಮೂಡಿತು. ಯುನೆಸ್ಕೊ ಸಂಸ್ಥೆಯ ಬೆಂಬಲ ದೊರೆತು, 1989ರಲ್ಲಿ ನಾರ್ವೆಯ ಸ್ನೊಹೆಟ್ಟ ಸಂಸ್ಥೆಯ ವಿನ್ಯಾಸವು ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಆಯ್ಕೆಯಾಯಿತು. ಸುಮಾರು 22 ಕೋಟಿ ಡಾಲರ್ ವೆಚ್ಚದ ಈ ಗ್ರಂಥಾಲಯವು 2002ರ ಅಕ್ಟೋಬರ್ 16ರಂದು ವಿಧ್ಯುಕ್ತವಾಗಿ ಆರಂಭವಾಯಿತು.

ಸಂದರ್ಶಕನಿಗೆ ಹೊರಗಡೆಯೇ ಎದುರಾಗುವುದು, ಸಮುದ್ರತಳದಿಂದ ಮೇಲೆತ್ತಿದ ಒಂದು ಬೃಹತ್ ಶಿಲಾಪ್ರತಿಮೆ. ಎರಡನೆಯ ಟಾಲೆಮಿಯದೆಂದು ಇದನ್ನು ಗುರುತಿಸಲಾಗಿದೆ. ಕಟ್ಟಡವು 160 ಮೀಟರು ವ್ಯಾಸದ ದುಂಡನೆಯ ಬಿಲ್ಲೆಯಂತಿದ್ದು ಕಡಲಿನತ್ತ ವಾಲಿಕೊಂಡಿದೆ. ಉದಯಿಸುವ ಸೂರ್ಯಬಿಂಬವನ್ನು ಅದು ಸೂಚಿಸುತ್ತದೆ. ಅಸ್ವಾನಿನ ಕಣಶಿಲೆಯಿಂದ ಕಟ್ಟಿದ ಬಾಗುಗೋಡೆಯ ಮೇಲೆ ಜಗತ್ತಿನ ಸುಮಾರು 120 ಲಿಪಿಗಳ ಅಕ್ಷರಗಳನ್ನು ಕೊರೆಯಲಾಗಿದೆ. ಅವು ಯಾವ ವಾಕ್ಯವನ್ನೂ ಹೇಳುವುದಿಲ್ಲ. ಬಿಡಿ ಅಕ್ಷರಗಳಾಗಿಯೇ ನಿಂತಿವೆ.

ಒಳಗಿನ ವಾಚನಶಾಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಏಕಕಾಲಕ್ಕೆ ಸುಮಾರು 2,000 ಓದುಗರು ಕುಳಿತುಕೊಳ್ಳಬಹುದು. ಮೇಲ್ಛಾವಣಿಯ ಬೆಳಕಂಡಿಗಳನ್ನು ಉತ್ತರದಿಕ್ಕಿಗೆ ತೆರೆದಿರುವುದರಿಂದ ಬೆಳಕು ಬರುತ್ತದೆಯೇ ಹೊರತು ಸುಡುಬಿಸಿಲು ಪುಸ್ತಕಗಳನ್ನು ತಾಕುವುದಿಲ್ಲ. 80 ಲಕ್ಷ ಪುಸ್ತಕಗಳಿಗೆ ಇಲ್ಲಿ ಸ್ಥಳಾವಕಾಶವಿದೆ. ಆರಂಭದಲ್ಲಿ ತುಂಬಿದ್ದುದು ಅದರ ಅಲ್ಪಾಂಶ ಮಾತ್ರ. 2010ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯವು 5 ಲಕ್ಷ ಪುಸ್ತಕಗಳನ್ನು ದಾನವಾಗಿ ನೀಡಿತು. ಹಿಂದೆ ಹಡಗುಗಳಿಂದ ಕಸಿದು ತುಂಬಿಸಿದ ನಗರವು ಇಂದು ದಾನದಿಂದ ತುಂಬಿಸಿಕೊಳ್ಳುತ್ತಿರುವುದು ಗಮನಾರ್ಹವಾಗಿದೆ. ಹಸ್ತಪ್ರತಿಗಳ ಸಂಗ್ರಹಾಲಯ ಮತ್ತು ಜೀರ್ಣಪ್ರತಿಗಳನ್ನು ಸರಿಪಡಿಸುವ ಪ್ರಯೋಗಾಲಯ ಇಲ್ಲಿವೆ. ಪ್ರಾಚೀನ ಭಂಡಾರದ ಪರಂಪರೆಗೆ ಇವೇ ಹೆಚ್ಚು ಸಮೀಪವಾದವು.

ಆದರೆ ಪ್ರಾಚೀನ ಭಂಡಾರದ ಸುರುಳಿಗಳನ್ನು ಅರಸಿ ಬಂದವನಿಗೆ ಇಲ್ಲಿ ನಿರಾಶೆ ತಪ್ಪದು. ಅದರ ಕಟ್ಟಡದ ಅವಶೇಷವೆಂದು ನಿಶ್ಚಯವಾಗಿ ಹೇಳಬಹುದಾದುದು ಯಾವುದೂ ಇದುವರೆಗೆ ದೊರೆತಿಲ್ಲ. ಆ ಕಾಲದ ಸಾಹಿತ್ಯ ಉಳಿದುದು ಬೇರೆಡೆಗಳಲ್ಲಿ. ನೈಲ್ ನದಿಯನ್ನನುಸರಿಸಿ ಒಳನಾಡಿಗೆ ಹೋದರೆ ಸಿಗುವ ಆಕ್ಸಿರಿಂಕಸ್ ಎಂಬ ಪಟ್ಟಣದ ಕಸದ ದಿಬ್ಬಗಳಲ್ಲಿ, ಒಣಮರಳಿನ ಆಶ್ರಯದಿಂದ, ಅಸಂಖ್ಯಾತ ಪಪೈರಸ್ ತುಣುಕುಗಳು ಉಳಿದುಕೊಂಡವು. 1896ರಿಂದ ನಡೆದ ಉತ್ಖನನಗಳಲ್ಲಿ ಅವು ಹೊರಬಂದವು. ಸೂಚಿಕಾರ ಕಲ್ಲಿಮಾಕಸನ ಕಳೆದುಹೋದ ಕಾವ್ಯದ ಭಾಗಗಳೂ ಅವುಗಳಲ್ಲಿ ಸಿಕ್ಕಿವೆ. ಕನ್ನಡಿಗರಿಗೆ ಪರಿಚಿತವಾದ ಗ್ರೀಕ್ ಪ್ರಹಸನವೂ ಅಲ್ಲಿಯದೇ. 1903ರಲ್ಲಿ 413ನೆಯ ಪಪೈರಸ್ ಎಂಬ ಸಂಖ್ಯೆಯಲ್ಲಿ ಪ್ರಕಟವಾದ ಅದರ ಕಥೆ ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಅದರಲ್ಲಿನ ಭಾರತೀಯ ಪಾತ್ರಗಳ ಮಾತು ಕನ್ನಡವೆಂದು 1904ರಲ್ಲಿ ಹುಲ್ಷ್ ಸೂಚಿಸಿದರು, ಆರ್. ಶಾಮಾಶಾಸ್ತ್ರಿಗಳು ಅದನ್ನು ಸಮರ್ಥಿಸಿದರು. ಇತರ ಹಲವರು ಒಪ್ಪಿಲ್ಲವಾದ್ದರಿಂದ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನ ಏನೇ ಇರಲಿ, ಅರಮನೆಯ ಭಂಡಾರ ಉಳಿಸಲಾರದುದನ್ನು ಊರಾಚೆಯ ತಿಪ್ಪೆ ಉಳಿಸಿಕೊಟ್ಟಿತೆಂಬುದು ಸತ್ಯ.

ಇದರಿಂದ ತಿಳಿಯುವುದಿಷ್ಟು: ಗ್ರಂಥ ಉಳಿಯುವುದು ಪ್ರತಿಗಳು ಹಲವು ಕಡೆ ಹರಡಿರುವುದರಿಂದ. ಎಲ್ಲವನ್ನೂ ಒಂದೆಡೆ ಸೇರಿಸಿದ ವೈಭವವೇ ಟಾಲೆಮಿಗಳ ಭಂಡಾರದ ದೌರ್ಬಲ್ಯವೂ ಆಗಿತ್ತು. ಹೊಸ ಗ್ರಂಥಾಲಯವು ಇದನ್ನು ಮನಗಂಡಂತೆ ತೋರುತ್ತದೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 1996ರಿಂದ ಸಂಗ್ರಹಿಸಿದ್ದ ಜಾಲಪುಟಗಳ ಒಂದು ಪ್ರತಿಯನ್ನು 2002ರಲ್ಲಿ ಇಲ್ಲಿರಿಸಿದುದು ಈ ತತ್ತ್ವದ ಮೇಲೆಯೇ. ಆದರೆ ಗಣಕಯಂತ್ರದ ಪ್ರತಿಯೂ ಶಾಶ್ವತವಲ್ಲ. ಯಂತ್ರಗಳು ಬದಲಾದಂತೆಲ್ಲ ಅದನ್ನು ಹೊಸದಾಗಿ ನಕಲುಮಾಡುತ್ತಲೇ ಇರಬೇಕು. ಲಿಪಿಕಾರನ ಕೆಲಸಕ್ಕೆ ಕೊನೆಯೆಂಬುದಿಲ್ಲ.

2011ರ ಜನವರಿಯ ಕ್ರಾಂತಿಯ ದಿನಗಳಲ್ಲಿ ಪೊಲೀಸರು ಬೀದಿಗಳಿಂದ ಮರೆಯಾದಾಗ, ಅಲೆಕ್ಸಾಂಡ್ರಿಯದ ತರುಣರು ಕೈಗೆ ಕೈ ಜೋಡಿಸಿ ಈ ಗ್ರಂಥಾಲಯದ ಸುತ್ತ ಕಾವಲು ನಿಂತರು. ಕಟ್ಟಡಕ್ಕೆ ಹಾನಿಯಾಗಲಿಲ್ಲ. ಪ್ರಾಚೀನ ಭಂಡಾರಕ್ಕೆ ಅರಸರ ಆಶ್ರಯವಿತ್ತು. ಅರಸನ ಮನಸ್ಸು ತಿರುಗಿದ ದಿನ ವಿದ್ವಾಂಸರು ದಿಕ್ಕುಪಾಲಾದರು. ಹೊಸ ಗ್ರಂಥಾಲಯವನ್ನು ತಮ್ಮದೆಂದು ತಿಳಿದ ಜನ ಕಾದರು. ಕಲ್ಲು, ಗಾಜುಗಳಿಂದ ಮರಳಿ ಕಟ್ಟಲಾಗದ ಒಂದು ಅಂಶ ಇದು. ಗ್ರಂಥಭಂಡಾರವೊಂದು ಮರಳಿ ಎದ್ದಿದೆ ಎನ್ನಲು ಇದೇ ತಕ್ಕ ಪ್ರಮಾಣ.