ಗಂಡ ಒಂದು ಪುಟ, ಹೆಂಡತಿ ಇನ್ನೊಂದು ಪುಟ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ, ಮುಂಗಾರಿನ ಮಳೆ ಬಿದ್ದ ಮರುದಿನ ನೆಲ ನೋಡುತ್ತಾ ನಡೆದರೆ ಎರಡು ಬಗೆಯ ಮಖಮಲ್ಲು ಕಣ್ಣಿಗೆ ಬೀಳುವುದುಂಟು. ಒಂದು ಕಡುಗೆಂಪು, ಮೆತ್ತಗೆ, ಉಂಡೆಯಂತೆ ತೆವಳುವಂಥದ್ದು. ಗಡಿಯ ತೆಲುಗು ಮನೆಗಳಲ್ಲಿ ಅದು ಆರುದ್ರ ಪುರುಗು, ಆರಿದ್ರಾ ಮಳೆಯ ಹುಳ. ಕೆಜಿಎಫ್‌ನ ತಮಿಳು ಮಕ್ಕಳಿಗೆ ಪಟ್ಟುಪೂಚಿ. ಹಳೆಯ ಕಾವ್ಯ ಓದಿದವರಿಗೆ ಇಂದ್ರಗೋಪ. ಎಂಟು ಕಾಲಿನ ಈ ಜೀವಿ ಕೀಟವೇ ಅಲ್ಲ, ಜೇಡ ಮತ್ತು ಉಣ್ಣೆಗಳ ನೆಂಟ. ಬೆಂಕಿಪೊಟ್ಟಣದಲ್ಲಿ ಮಣ್ಣು ಹಾಕಿ ಇದನ್ನು ಸಾಕಿದವರು ಈ ಸೀಮೆಯಲ್ಲಿ ಬೇಕಾದಷ್ಟು ಜನ.

ಇನ್ನೊಂದನ್ನು ಯಾರೂ ಸಾಕುವುದಿಲ್ಲ. ಹೆಚ್ಚುಕಡಿಮೆ ಗೊದ್ದದಷ್ಟು ಗಾತ್ರ. ಎದೆ ಇಟ್ಟಿಗೆಗೆಂಪು, ಹೊಟ್ಟೆ ಕಪ್ಪು, ಆ ಕಪ್ಪಿನ ಮೇಲೆ ಸುಣ್ಣದ ಬೊಟ್ಟಿಟ್ಟಂತೆ ಬಿಳಿ ಮಚ್ಚೆಗಳು. ಒಂದು ಕಡೆ ನಿಲ್ಲುವ ಸ್ವಭಾವವಿಲ್ಲ. ಕಳೆದುಕೊಂಡ ಮೂಗುತಿ ಹುಡುಕುವವರ ಹಾಗೆ ಬಿರುಕು ಬಿರುಕಿಗೂ ಮೂತಿ ತೂರಿಸುತ್ತಾ ಓಡುತ್ತದೆ. ಕಡ್ಡಿಯಿಂದ ಅದುಮಿ ಹಿಡಿದರೆ ಕಿರ್ ಕಿರ್ ಎನ್ನುತ್ತದೆ. ಬರಿಗೈಯಲ್ಲಿ ಹಿಡಿದವರು ಎರಡನೆಯ ಸಲ ಆ ಕೆಲಸಕ್ಕೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ವೆಲ್ವೆಟ್ ಆ್ಯಂಟ್, ಕನ್ನಡದಲ್ಲಿ ಮಖಮಲ್ ಇರುವೆ. ಮಖಮಲ್ಲು ಸರಿ, ಇರುವೆ ಎಂಬುದು ತಪ್ಪು. ಇದು ರೆಕ್ಕೆಯಿಲ್ಲದ ಹೆಣ್ಣು ಕಣಜ.

ಗಂಡಿಗೆ ರೆಕ್ಕೆ ಇದೆ, ಕೊಂಡಿ ಇಲ್ಲ. ಬಣ್ಣ ಬೇರೆ, ಮೈಕಟ್ಟು ಬೇರೆ, ಎಷ್ಟೋ ಸಲ ಗಾತ್ರವೂ ಬೇರೆ. ಹೆಣ್ಣು ನೆಲದ ಮೇಲೆ ಓಡಾಡಿಕೊಂಡಿದ್ದರೆ ಗಂಡು ಹುಲ್ಲಿನ ಮೇಲೆ, ಹೂವಿನ ಸುತ್ತ ಹಾರಾಡಿಕೊಂಡಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೂ ದಂಪತಿ ಎಂದು ಯಾರೂ ಹೇಳಲಾರರು. ವಿಜ್ಞಾನಿಗಳೂ ಹೇಳಲಿಲ್ಲ. ಗಂಡನಿಗೊಂದು ಹೆಸರು, ಹೆಂಡತಿಗೊಂದು ಹೆಸರು ಕೊಟ್ಟು ಬೇರೆ ಬೇರೆ ಪುಟಗಳಲ್ಲಿ ಬರೆದಿಟ್ಟರು. ಈ ಕಣಜಗಳ ವರ್ಗೀಕರಣದ ಎರಡೂವರೆ ಶತಮಾನದ ಚರಿತ್ರೆಯಲ್ಲಿ ಅರ್ಧ ಪಾಲು, ಹೀಗೆ ಅಗಲಿಸಿದ ಜೋಡಿಗಳನ್ನು ಹುಡುಕಿ ಮತ್ತೆ ಒಂದು ಮನೆಗೆ ಸೇರಿಸಿದ ಕೆಲಸ.

ಮೊದಲು ಹೆಸರಿಟ್ಟವನು ಸ್ವೀಡನ್ನಿನ ಲಿನ್ನೇಯಸ್. 1758ರಲ್ಲಿ ಬಂದ ತನ್ನ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೆಯ ಆವೃತ್ತಿಯಲ್ಲಿ ಅವನು ಇವಕ್ಕೆ ಮ್ಯುಟಿಲ್ಲಾ ಎಂಬ ಕುಲ ಮಾಡಿದ. ಲ್ಯಾಟಿನ್ನಿನಲ್ಲಿ ಅದಕ್ಕೆ ಅಂಗ ಕತ್ತರಿಸಿಹೋದದ್ದು ಎಂಬ ಅರ್ಥ ಬರುತ್ತದೆ. ರೆಕ್ಕೆಯಿಲ್ಲದ ಹೆಣ್ಣನ್ನು ನೋಡಿ ಹೊಳೆದ ಹೆಸರು. ಪುಸ್ತಕದಲ್ಲಿ ಅವನು ಕೊಟ್ಟ ಜಾಗ ಇರುವೆಗಳ ಮಗ್ಗುಲಲ್ಲೇ. ಬಂಗಾರಪೇಟೆಯ ಕಾಲುದಾರಿಯಲ್ಲಿ ನಾವು ಮಾಡುವ ತಪ್ಪನ್ನೇ ಲಿನ್ನೇಯಸ್ ಕೂಡ ಸ್ವಲ್ಪ ಗೌರವಯುತವಾಗಿ ಮಾಡಿದ್ದ ಎನ್ನಬಹುದು. 1802ರಲ್ಲಿ ಫ್ರಾನ್ಸಿನ ಲ್ಯಾಟ್ರೇಯ್ ಇವನ್ನು ಪ್ರತ್ಯೇಕ ಕುಟುಂಬವಾಗಿಸಿದ. ಈ ನಡುವೆ ತರಂಗಂಬಾಡಿಯ ಡೇನಿಷ್ ಮಿಷನ್ನಿನವರು ಹಡಗಿನಲ್ಲಿ ಕಳಿಸಿದ ದಕ್ಷಿಣ ಭಾರತದ ಕೀಟಗಳು ಲಿನ್ನೇಯಸ್‌ನ ಶಿಷ್ಯ ಫ್ಯಾಬ್ರೀಷಿಯಸ್‌ನ ಮೇಜಿಗೆ ತಲುಪತೊಡಗಿದ್ದವು.

ನಮ್ಮ ದೇಶದ ಮಖಮಲ್ ಇರುವೆಗಳೆಲ್ಲ ಒಂದೇ ಪುಸ್ತಕದೊಳಗೆ ಸೇರಿದ್ದು 1897ರಲ್ಲಿ. ಬರೆದವರು ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ಥಾಮಸ್ ಬಿಂಗಮ್. ಸೇನೆಯಿಂದ ಬರ್ಮಾದ ಅರಣ್ಯ ಇಲಾಖೆಗೆ ಹೋದ ಮನುಷ್ಯ. ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಅವರ ಮೊದಲ ಸಂಪುಟ ಕಣಜ ಮತ್ತು ಜೇನುಗಳದ್ದು. ಇರುವೆಗಳು ಬಂದದ್ದು 1903ರ ಎರಡನೆಯ ಸಂಪುಟದಲ್ಲಿ. ಮಖಮಲ್ ಇರುವೆಯನ್ನು ಬಿಂಗಮ್ ಮೊದಲ ಸಂಪುಟಕ್ಕೇ ಹಾಕಿದರು. ಅಷ್ಟರಮಟ್ಟಿಗೆ ಇರುವೆಯ ಮನೆಯಿಂದ ಅದಕ್ಕೆ ಬಿಡುಗಡೆ.

ಕಾಲದ ಅಂದಾಜಿಗೆ ಹೇಳುವುದಾದರೆ, ಆಗ ಕೋಲಾರದ ಚಿನ್ನದ ಗಣಿಗಳಲ್ಲಿ ಜಾನ್ ಟೇಲರ್ ಕಂಪನಿ ಬೇರುಬಿಟ್ಟಾಗಿತ್ತು. ಗಣಿಗೆ ರೈಲು ಬಂದು, 1894ರಿಂದ ಲೆಕ್ಕ ಹಾಕಿದರೆ, ಮೂರು ವರ್ಷ. ಶಿವನಸಮುದ್ರದ ಕರೆಂಟು ಬರಲು ಇನ್ನೂ ಐದು ವರ್ಷ ಬಾಕಿ.

ಬಿಂಗಮ್ಮರ ಪುಸ್ತಕ ಈಗಲೂ ಬೇಕೇಬೇಕಾದ ಪುಸ್ತಕ. ಆದರೆ ಅದರಲ್ಲಿ ಬಹುಪಾಲು ಪ್ರಭೇದಗಳು ಮ್ಯುಟಿಲ್ಲಾ ಎಂಬ ಒಂದೇ ಕುಲದಡಿ ತುಂಬಿಕೊಂಡಿವೆ, ಹಬ್ಬದ ಹಿಂದಿನ ದಿನದ ಪ್ಯಾಸೆಂಜರ್ ಗಾಡಿಯಂತೆ. ಎಷ್ಟೋ ಹೆಸರುಗಳು ಹೆಣ್ಣನ್ನು ಮಾತ್ರ ನೋಡಿ ಇಟ್ಟದ್ದು, ಇನ್ನೆಷ್ಟೋ ಗಂಡನ್ನು ಮಾತ್ರ ನೋಡಿ ಇಟ್ಟದ್ದು. ತಪ್ಪು ಬಿಂಗಮ್ಮರದಲ್ಲ. ಅವರ ಮುಂದೆ ಇದ್ದದ್ದು ಸೂಜಿಗೆ ಚುಚ್ಚಿದ ಸತ್ತ ಹುಳ, ಅದರಡಿ ಒಂದು ಚೀಟಿ. ಚುಚ್ಚುವುದೂ ಸುಲಭವಲ್ಲ: ಈ ಹೆಣ್ಣುಗಳ ಮೈಕವಚ ಎಷ್ಟು ಗಟ್ಟಿ ಎಂದರೆ ಕೀಟಸಂಗ್ರಹದ ಉಕ್ಕಿನ ಸೂಜಿಗಳೇ ಬಾಗುತ್ತವೆ.

ಹಾಗಾದರೆ ಜೋಡಿ ಪತ್ತೆಹಚ್ಚುವುದು ಹೇಗೆ? ಅತ್ಯಂತ ಖಚಿತವಾದ ಸಾಕ್ಷಿ, ಕೂಡುವಾಗಲೇ ಸಿಕ್ಕಿಬೀಳುವುದು. ಕೆಲವು ಪ್ರಭೇದಗಳಲ್ಲಿ ಗಂಡು ಹೆಣ್ಣಿಗಿಂತ ಬಲು ದೊಡ್ಡದು. ಹೆಣ್ಣನ್ನು ಹಿಡಿದೆತ್ತಿಕೊಂಡೇ ಹಾರುತ್ತದೆ. ಹಾಗೆ ಬಲೆಗೆ ಬಿದ್ದ ಒಂದು ಜೋಡಿ ತಜ್ಞನ ಪಾಲಿಗೆ ಒಂದು ತೊಲ ಚಿನ್ನ. ಇಲ್ಲವಾದರೆ ಬದುಕಿರುವ ಹೆಣ್ಣನ್ನು ಬಲೆಪೆಟ್ಟಿಗೆಯಲ್ಲಿಟ್ಟು ಬಯಲಿನಲ್ಲಿ ಕಾಯಬೇಕು. ಅದರ ವಾಸನೆಗೆ ಯಾವ ಗಂಡು ಹಾರಿಬಂದು ಸುತ್ತುತ್ತದೋ ಅದೇ ವರ. ಮೂರನೆಯ ದಾರಿ, ಇವುಗಳ ಮರಿ ಬೆಳೆಯುವುದು ಒಂಟಿಜೇನುಗಳ ಗೂಡಿನಲ್ಲಾದ್ದರಿಂದ, ಅಂಥ ಒಂದೇ ಗೂಡಿನ ಕೋಣೆಗಳಿಂದ ಎರಡೂ ಹೊರಬರುವುದನ್ನು ಕಾದು ನೋಡುವುದು. ಒಂದೇ ಊರು, ಒಂದೇ ದಿನ ಎಂದು ಚೀಟಿಯಲ್ಲಿದ್ದ ಮಾತ್ರಕ್ಕೆ ಮದುವೆ ಮಾಡಿಸಲು ಬರುವುದಿಲ್ಲ. ಹಾಗೆ ಮಾಡಿಸಿ ಕೈಸುಟ್ಟುಕೊಂಡವರೂ ಇದ್ದಾರೆ.

ಬಣ್ಣವನ್ನಾದರೂ ನಂಬೋಣ ಎಂದರೆ ಅದೂ ಕೈಕೊಡುತ್ತದೆ. ಕುಟುಕುವ ಪ್ರಾಣಿಗಳು ಒಂದೇ ಬಗೆಯ ಉಡುಪು ತೊಟ್ಟರೆ ಹಕ್ಕಿ, ಹಲ್ಲಿಗಳು ಬೇಗ ಪಾಠ ಕಲಿಯುತ್ತವೆ, ಪೆಟ್ಟು ಎಲ್ಲರಿಗೂ ಕಡಿಮೆಯಾಗುತ್ತದೆ. ಉತ್ತರ ಅಮೆರಿಕದಲ್ಲಿ ಒಂದೇ ಕುಲದ 65 ಪ್ರಭೇದಗಳು ಬರೀ ಆರು ಬಣ್ಣದ ಗುಂಪುಗಳಲ್ಲಿ ಹಂಚಿಕೊಂಡಿವೆ ಎಂದು 2012ರಲ್ಲಿ ತೋರಿಸಲಾಯಿತು. ದೂರದ ನೆಂಟರು ಒಂದೇ ವೇಷದಲ್ಲಿ, ಹತ್ತಿರದ ನೆಂಟರು ಬೇರೆ ವೇಷದಲ್ಲಿ. ಈ ವೇಷ ಎಷ್ಟು ಲಾಭದ್ದು ಎಂದರೆ ನಮ್ಮಲ್ಲಿ ಒಂದು ಜೇಡವೂ ಅದನ್ನು ಕದ್ದಿದೆ. ದಕ್ಷಿಣ ಭಾರತದಿಂದ ಹೋದ ಮಾದರಿಯನ್ನು ನೋಡಿ ಫ್ರಾನ್ಸಿನ ಯೂಜೀನ್ ಸೀಮೋನ್ 1885ರಲ್ಲಿ ಹೆಸರಿಟ್ಟ ಸೀನಾಪ್ಟಿಕಸ್ ಪುಲ್ಕರ್ ಎಂಬ ಆ ಜೇಡ, ಮಚ್ಚೆ ಸಮೇತ ಮಖಮಲ್ ಇರುವೆಯಂತೆಯೇ ನೆಲದ ಮೇಲೆ ಓಡುತ್ತದೆ. ಕುಟುಕುವ ಕೊಂಡಿ ಅದಕ್ಕೆಲ್ಲಿಯದು!

ಉಡುಪು ನೋಡಿ ಆಳನ್ನು ಗುರುತಿಸಲಾಗದು ಎಂಬುದು ಕೆಜಿಎಫ್‌ಗೆ ಹೊಸ ವಿಷಯವಲ್ಲ. ಕೂಲಿಗಳ ಎಬ್ಬೆಟ್ಟಿನ ಗುರುತು ತೆಗೆದು ನೋಂದಾಯಿಸಲು ಹೊರಟಾಗ 1930ರಲ್ಲಿ ಇಲ್ಲಿನ ಗಣಿಗಳು ಮುಷ್ಕರದಿಂದ ಸ್ತಬ್ಧವಾಗಿದ್ದವು. ಕಣಜಗಳು ಮುಷ್ಕರ ಹೂಡುವುದಿಲ್ಲವಾದ್ದರಿಂದ ತಜ್ಞರು ಅವುಗಳ ಎಬ್ಬೆಟ್ಟನ್ನು ಹುಡುಕುತ್ತಾ ಹೋದರು: ಕಣ್ಣಿನ ಆಕಾರ, ಎದೆಯ ಪೆಟ್ಟಿಗೆಯ ಅಂಚು, ಗಂಡಿನ ಜನನಾಂಗದ ರಚನೆ, ಹೊಟ್ಟೆಯ ಎರಡನೆಯ ಪಟ್ಟಿಯ ಪಕ್ಕದಲ್ಲಿ ಒತ್ತಾಗಿ ಸಾಲುಗಟ್ಟಿದ ಕೂದಲ ಗೆರೆ. ಬಣ್ಣ ಮೋಸ ಮಾಡಿದ ಕಡೆ ಇವು ಮಾಡಲಿಲ್ಲ. ಫ್ರಾನ್ಸಿನ ಅರ್ನೆಸ್ಟ್ ಆಂದ್ರೆ, ಬರ್ಲಿನ್ನಿನ ಹಾನ್ಸ್ ಬಿಷಾಫ್, ಅಮೆರಿಕದ ಕ್ಲಾರೆನ್ಸ್ ಮಿಕೆಲ್ ಹೀಗೆ ಒಬ್ಬೊಬ್ಬರೂ ಮ್ಯುಟಿಲ್ಲಾ ಎಂಬ ಅವಿಭಕ್ತ ಕುಟುಂಬದಿಂದ ಒಂದೊಂದೇ ಮನೆ ಬೇರೆ ಮಾಡಿದರು. ಬಿಂಗಮ್ ಮ್ಯುಟಿಲ್ಲಾ ಎಂದು ಬರೆದ ನಮ್ಮ ಕಣಜಗಳಲ್ಲಿ ಹೆಚ್ಚಿನವು ಈಗ ಆ ಹೆಸರಿನಲ್ಲಿಲ್ಲ. ಟ್ರೊಗಾಸ್ಪಿಡಿಯಾ, ಸ್ಮಿಕ್ರೊಮಿರ್ಮೆ, ರಾಡೊಸ್ಕೊವ್‌ಸ್ಕಿಯಸ್ ಎಂಬಂಥ ನಾಲಿಗೆ ತೊಡರುವ ಕುಲಗಳಿಗೆ ಹೋಗಿವೆ.

ಈ ಎಲ್ಲವನ್ನೂ ಒಟ್ಟು ಮಾಡಿ ಲೆಕ್ಕ ಒಪ್ಪಿಸಿದವರು, ವಿಚಿತ್ರವೆಂದರೆ, ರಷ್ಯಾದ ಪೂರ್ವ ತುದಿಯ ವ್ಲಾಡಿವಾಸ್ಟಾಕ್‌ನಲ್ಲಿ ಕೂತ ಅರ್ಕಾಡಿ ಲೆಲೆಯ್. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾದ ಮಖಮಲ್ ಇರುವೆಗಳ ಅವರ ಪಟ್ಟಿ 2005ರಲ್ಲಿ ಬಂತು. ಯಾವ ಹೆಸರು ಯಾವುದರ ಗಂಡು, ಯಾವುದು ಯಾವುದರ ಹೆಣ್ಣು, ಯಾವುದು ಒಂದೇ ಹುಳಕ್ಕೆ ಇಟ್ಟ ಎರಡನೆಯ ಹೆಸರು ಎಂಬುದನ್ನು ಅದರಲ್ಲಿ ಬಿಡಿಸಿಟ್ಟಿದ್ದಾರೆ. ತಾವು ಮಾಡಿದ ಹೊಸ ಕುಲಗಳಿಗೆ ಹಿಂದಿನವರ ಹೆಸರನ್ನೇ ಇಟ್ಟರು: ಬಿಷಾಫ್‌ಗೆ ಬಿಷಾಫಿಟಿಲ್ಲಾ, ಮಿಕೆಲ್‌ಗೆ ಮಿಕೆಲೊಮಿರ್ಮೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಕೋಳಿಕ್ಕೋಡ್ ಕೇಂದ್ರದ ಪಿ. ಗಿರೀಶ್ ಕುಮಾರ್ ಮತ್ತು ಸಂಗಡಿಗರು ಲೆಲೆಯ್ ಜೊತೆಗೂಡಿ ನಮ್ಮ ಕುಲಗಳನ್ನು ಒಂದೊಂದಾಗಿ ಮರುಪರಿಶೀಲಿಸುತ್ತಾ ಬಂದಿದ್ದಾರೆ.

ಮೇಲಿನ ಕೊಂಬೆಗಳ ವಿಚಾರವೂ ಕದಲಿದೆ. ದಕ್ಷಿಣ ಆಫ್ರಿಕದ ಡೆನಿಸ್ ಬ್ರದರ್ಸ್ 1975ರಲ್ಲಿ ಕುಟುಕುವ ಕಣಜಗಳ ಇಡೀ ವಂಶವೃಕ್ಷವನ್ನು ಮೈಲಕ್ಷಣಗಳ ಮೇಲೆ ಕಟ್ಟಿದರು. ಆಮೇಲೆ ಬಂದ ಡಿಎನ್‌ಎ ಪರೀಕ್ಷೆ ಅದರಲ್ಲಿ ಕೆಲವನ್ನು ಒಪ್ಪಿತು, ಕೆಲವನ್ನು ಕಿತ್ತುಹಾಕಿತು. ಈಗಿನ ಲೆಕ್ಕದಲ್ಲಿ ಮಖಮಲ್ ಇರುವೆಯ ದಾಯಾದಿಗಳ ಪೈಕಿ ಜೇಡ ಬೇಟೆಯಾಡುವ ಕಣಜಗಳೂ ಇವೆ. ಇರುವೆಯೋ, ಇದನ್ನು ಬಿಟ್ಟು ಜೇನುಗಳಿಗೆ ಹತ್ತಿರದ ನೆಂಟ. ಲಿನ್ನೇಯಸ್ ಅಕ್ಕಪಕ್ಕ ಕೂರಿಸಿದ್ದ ಇಬ್ಬರೂ ಈಗ ಬೇರೆ ಬೇರೆ ಕೇರಿಯವರು.

ಹೆಸರು ಬದಲಾಗುವುದರ ತಾಪತ್ರಯ ಬಂಗಾರಪೇಟೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಊರು ಬಹುಕಾಲ ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಹೆಸರು. ಕಣಜಕ್ಕಾದರೆ ಮೊದಲು ಇಟ್ಟ ಪ್ರಭೇದದ ಹೆಸರೇ ಊರ್ಜಿತ ಎಂಬ ನಿಯಮವಿದೆ. ಕುಲ ಬದಲಾದರೂ ಅದು ಹಿಂದೆಯೇ ಹೋಗುತ್ತದೆ. ಊರುಗಳಿಗೆ ಆ ನಿಯಮವಿಲ್ಲ. ಹಳೆಯ ಸಂಗ್ರಹಗಳಲ್ಲಿ ಬೌರಿಂಗ್‌ಪೇಟೆ ಎಂಬ ಚೀಟಿಯ ಹುಳ ಸಿಕ್ಕರೆ, ಇವತ್ತಿನ ನಕಾಶೆ ಹಿಡಿದು ಕೂತ ವಿದೇಶಿ ತಜ್ಞ ತಡಕಾಡಬೇಕಾದೀತು. ಒಂದು ತಮಾಷೆ: ಈ ಬೌರಿಂಗ್ ಸಾಹೇಬರ ಅಣ್ಣ, ಹಾಂಕಾಂಗ್‌ನಲ್ಲಿ ವ್ಯಾಪಾರಿಯಾಗಿದ್ದ ಜಾನ್ ಚಾರ್ಲ್ಸ್ ಬೌರಿಂಗ್, ದೊಡ್ಡ ಜೀರುಂಡೆ ಹುಚ್ಚಿನವರು. ಅವರ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. ತಮ್ಮನ ಹೆಸರು ಊರಿನಿಂದ ಅಳಿಸಿತು, ಅಣ್ಣನ ಹೆಸರು ಸೂಜಿಯ ಕೆಳಗಿನ ಚೀಟಿಗಳಲ್ಲಿ ಉಳಿಯಿತು.

ಹಳಿಯ ಪಕ್ಕಕ್ಕೆ ಮರಳೋಣ. ದೂರದಲ್ಲಿ ಸೈನೈಡ್ ಗುಡ್ಡಗಳು, ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಮೀರಿದ ಹುಡಿ. 2001ರಲ್ಲಿ ಗಣಿ ನಿಂತರೂ ಅವು ನಿಂತೇ ಇವೆ. ಮಖಮಲ್ ಇರುವೆಗೆ ಬೇಕಾದದ್ದು ಬೇರೆ ತರಹದ ಗಣಿ. ಒಂಟಿಜೇನುಗಳು ಬಿರುಸು ನೆಲದಲ್ಲಿ ನೆಟ್ಟಗೆ ಶಾಫ್ಟ್ ಇಳಿಸಿ, ಪಕ್ಕಕ್ಕೆ ಕೋಣೆ ಕೊರೆದು, ಪರಾಗ ತುಂಬಿ, ಮೊಟ್ಟೆಯಿಟ್ಟು ಮುಚ್ಚುತ್ತವೆ. ಹೆಣ್ಣು ಕಣಜ ಆ ಬಾಯಿ ಹುಡುಕಿ ಇಳಿಯುತ್ತದೆ. ಮುಚ್ಚಳ ಕಚ್ಚಿ ತೆರೆದು, ಮೇಯ್ದು ದಪ್ಪಗಾದ ಮರಿಯ ಪಕ್ಕ ತನ್ನದೊಂದು ಮೊಟ್ಟೆ ಇಟ್ಟು, ಮತ್ತೆ ಮುಚ್ಚಿ ಬರುತ್ತದೆ. ಆ ಕೋಣೆಯಿಂದ ಮುಂದೆ ಹೊರಬರುವುದು ಜೇನಲ್ಲ. ಗಟ್ಟಿ ಕವಚ ಒದಗುವುದು ಇಂಥಲ್ಲೇ. ಮನೆಯವಳು ಬಂದು ಕಚ್ಚಿದರೂ ನಾಟಬಾರದು.

ನಾನು ನೋಡುತ್ತಿದ್ದ ಹೆಣ್ಣು ಬೆರಳು ಹೋಗದಷ್ಟು ಸಣ್ಣ ಒಂದು ತೂತಿನ ಬಳಿ ತಡೆದು, ಮೀಸೆ ಆಡಿಸಿ, ಒಳಗೆ ಜಾರಿತು. ಅದರ ಗಂಡನನ್ನು ನೋಡೋಣವೆಂದು ಅರ್ಧ ಗಂಟೆ ಸುತ್ತಲಿನ ಹುಲ್ಲನ್ನೆಲ್ಲ ಜಾಲಾಡಿದೆ. ಹಾರುವ ಕಣಜಗಳು ಮೂರು ನಾಲ್ಕು ಕಂಡವು, ಎಲ್ಲವೂ ಕಪ್ಪು. ಅವುಗಳಲ್ಲಿ ಯಾವುದಿದ್ದೀತು? ಮಾರಿಕುಪ್ಪಂ ಗಾಡಿ ಹಾದುಹೋಯಿತು. ನೆಲ ನಡುಗಿ ತೂತಿನ ಬಾಯಿಂದ ಒಂದಿಷ್ಟು ಕೆಮ್ಮಣ್ಣು ಒಳಗುದುರಿತು.