ವಾಹನಗಳಿಗೆ ರಕ್ಷಣಾ ಲೇಪನ: ಉದ್ಯಮಿಗಳು ಅರಿತಿರಬೇಕಾದ ಅಂಶಗಳು

ವ್ಯಾಪಾರ ಸಂಸ್ಥೆಯೊಂದರ ಕಾರು ಅಥವಾ ಸರಕು ಸಾಗಣೆಯ ವ್ಯಾನು ಕೇವಲ ಓಡಾಟದ ಸಾಧನವಲ್ಲ. ಅದು ಸಂಸ್ಥೆಯ ಬಂಡವಾಳದ ಒಂದು ಭಾಗ. ಮರುಮಾರಾಟದ ವೇಳೆ ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಅದರ ಬಣ್ಣ. ಈ ಕಾರಣದಿಂದ ‘ಸೆರಾಮಿಕ್ ಕೋಟಿಂಗ್’ ಮೊದಲಾದ ದೀರ್ಘ ಬಾಳಿಕೆಯ ಲೇಪನಗಳಿಗೆ ಬೇಡಿಕೆ ಬೆಳೆದಿದೆ. ಆದರೆ ಲೇಪನವು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬ ಸ್ಪಷ್ಟ ಅರಿವಿಲ್ಲದಿದ್ದರೆ ಹಣ ತೆರುವ ಗ್ರಾಹಕರೂ ಭರವಸೆ ನೀಡುವ ಕಾರ್ಯಾಗಾರದವರೂ ನಷ್ಟಕ್ಕೆ ಗುರಿಯಾಗುತ್ತಾರೆ.

ಬಣ್ಣದ ರಚನೆ

ಕಾರ್ಖಾನೆಯಲ್ಲಿ ಉಕ್ಕಿನ ಹಾಳೆಯ ಮೇಲೆ ತುಕ್ಕುನಿರೋಧಕ ಪದರ, ಪ್ರೈಮರ್, ಬಣ್ಣ ಹಾಗೂ ಪಾರದರ್ಶಕವಾದ ಕ್ಲಿಯರ್ ಕೋಟ್‌ಗಳನ್ನು ಕ್ರಮವಾಗಿ ಹಚ್ಚಲಾಗುತ್ತದೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಇದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು. ಹೊಳಪು ನೀಡುವುದೂ ಬಿಸಿಲಿನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಯಂತ್ರದಿಂದ ಪಾಲಿಶ್ ಮಾಡಿದಾಗಲೆಲ್ಲ ಇದು ಸ್ವಲ್ಪ ಸವೆಯುತ್ತದೆ. ಸವೆದದ್ದು ಮರಳಿ ಬಾರದು. ಪದೇ ಪದೇ ಪಾಲಿಶ್ ಮಾಡಿಸುವ ಅಗತ್ಯವನ್ನು ತಗ್ಗಿಸುವುದೇ ಲೇಪನದ ನಿಜವಾದ ಲಾಭ.

ಲೇಪನದ ಬಗೆಗಳು

ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಗಳಿಂದ ದೊರೆಯುವ ಕಾರ್ನೂಬಾ ಮೇಣವು ಒಳ್ಳೆಯ ಹೊಳಪು ನೀಡುತ್ತದೆಯಾದರೂ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಅಳಿದುಹೋಗುತ್ತದೆ. ಕೃತಕ ಪಾಲಿಮರ್ ಲೇಪನಗಳು ಅದಕ್ಕಿಂತ ಹೆಚ್ಚು ತಿಂಗಳು ಬಾಳುತ್ತವೆ. ಸಿಲಿಕಾ ಆಧಾರಿತ ಸೆರಾಮಿಕ್ ಲೇಪನವು ಬಣ್ಣದ ಮೇಲ್ಮೈಗೆ ಬಿಗಿಯಾಗಿ ಅಂಟಿ ಗಟ್ಟಿಗೊಳ್ಳುವುದರಿಂದ, ಸರಿಯಾದ ಆರೈಕೆಯಿದ್ದಲ್ಲಿ ಒಂದು ವರ್ಷಕ್ಕೂ ಮೀರಿ ಉಳಿಯುತ್ತದೆ. ನೀರು ಮಣಿಗಳಾಗಿ ಜಾರಿಹೋಗುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ.

ಜಾಹೀರಾತುಗಳಲ್ಲಿ ಕಾಣುವ ‘9ಎಚ್’ ಎಂಬುದು ಪೆನ್ಸಿಲ್ ಗಡಸುತನ ಪರೀಕ್ಷೆಯ ಅಳತೆಯೇ ಹೊರತು ವಜ್ರ, ಕಲ್ಲುಗಳ ಗಡಸುತನದ ಅಳತೆಯಲ್ಲ. ಕೆಲವೇ ಮೈಕ್ರಾನ್ ದಪ್ಪದ ಲೇಪನವು ಹೆದ್ದಾರಿಯಲ್ಲಿ ಸಿಡಿಯುವ ಜಲ್ಲಿಕಲ್ಲನ್ನು ತಡೆಯಲಾರದು. ಅದಕ್ಕೆ ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆಯೇ ಬೇಕು. ಅದರ ವೆಚ್ಚ ಹೆಚ್ಚು.

ಕೊಳವೆ ಬಾವಿಯ ಗಡಸು ನೀರು ಬಿಸಿಲಿನಲ್ಲಿ ಒಣಗಿದಾಗ ಉಳಿಯುವ ಸುಣ್ಣದ ಕಲೆಗಳು ಲೇಪನದ ಮೇಲೂ ಮೂಡುತ್ತವೆ. ಹಕ್ಕಿಯ ಹಿಕ್ಕೆಯನ್ನು ಕೂಡಲೇ ತೆಗೆಯಬೇಕು. ಬಣ್ಣ ಒಡೆದ ಜಾಗದಲ್ಲಿ ಕರಾವಳಿಯ ಉಪ್ಪುಗಾಳಿಯಿಂದ ತುಕ್ಕು ಹಿಡಿಯುವುದನ್ನು ಯಾವ ಮೇಲ್ಲೇಪನವೂ ನಿಲ್ಲಿಸದು.

ಹಚ್ಚುವ ಕ್ರಮ

ಕೆಲಸದ ಬಹುಪಾಲು ಪೂರ್ವಸಿದ್ಧತೆಯಲ್ಲಿಯೇ ಇದೆ. ವಾಹನವನ್ನು ತೊಳೆದು, ಅಂಟಿದ ಕಬ್ಬಿಣದ ಕಣ ಹಾಗೂ ಡಾಂಬರನ್ನು ತೆಗೆದು, ಗೀರುಗಳಿದ್ದಲ್ಲಿ ಹಿತಮಿತವಾಗಿ ಪಾಲಿಶ್ ಮಾಡಿ, ಎಣ್ಣೆಯ ಅಂಶ ಉಳಿಯದಂತೆ ಐಸೊಪ್ರೊಪೈಲ್ ಆಲ್ಕೊಹಾಲ್ ಮಿಶ್ರಣದಿಂದ ಒರೆಸಬೇಕು. ಉಳಿದ ಗೀರುಗಳು ಲೇಪನದ ಅಡಿಯಲ್ಲಿ ಹಾಗೆಯೇ ಸೆರೆಯಾಗುತ್ತವೆ. ಬಿಸಿಲು, ಧೂಳುಗಳಿಲ್ಲದ ನೆರಳಿನಲ್ಲಿ ಚಿಕ್ಕ ಚಿಕ್ಕ ಭಾಗಗಳಿಗೆ ಹಚ್ಚಿ, ಹೆಚ್ಚಾದುದನ್ನು ಸಕಾಲದಲ್ಲಿ ಒರೆಸಬೇಕು. ತಡವಾದರೆ ಪಟ್ಟೆಗಳು ಗಟ್ಟಿಯಾಗಿ, ಮತ್ತೆ ಪಾಲಿಶ್ ಮಾಡದೆ ಹೋಗವು. ಮೊದಲ ದಿನ ನೀರು ಸೋಕಿಸದೆ, ಒಂದು ವಾರ ಶ್ಯಾಂಪೂ ಬಳಸದೆ ಇರುವುದು ಒಳಿತು. ಅಪಘಾತದ ದುರಸ್ತಿಯಲ್ಲಿ ಹೊಸದಾಗಿ ಬಣ್ಣ ಬಳಿದ ಭಾಗಕ್ಕೆ, ಬಣ್ಣ ಪೂರ್ಣವಾಗಿ ಆರುವವರೆಗೆ ಕೆಲವು ವಾರ ಕಾಯಬೇಕು.

ಚಕ್ರಗಳು ಮತ್ತು ಹೆಡ್‌ಲೈಟ್

ಬ್ರೇಕ್‌ನಿಂದ ಉದುರುವ ಬಿಸಿಯಾದ ಕಬ್ಬಿಣದ ಪುಡಿ ಅಲಾಯ್ ಚಕ್ರಗಳ ಮೇಲ್ಮೈಗೆ ಕಚ್ಚಿಕೊಳ್ಳುತ್ತದೆ. ಅದನ್ನು ತೆಗೆಯಲು ತೀಕ್ಷ್ಣ ಆಮ್ಲ ಬಳಸಿದರೆ ಚಕ್ರದ ಲ್ಯಾಕರ್ ಹಾಳಾಗುತ್ತದೆ. ಶಾಖ ತಡೆಯುವ ಲೇಪನವನ್ನು ಚಕ್ರ ತಣ್ಣಗಿರುವಾಗ ಹಚ್ಚಿದರೆ, ಮುಂದೆ ಸಾಧಾರಣ ತೊಳೆತವೇ ಸಾಕಾಗುತ್ತದೆ.

ಇಂದಿನ ಹೆಡ್‌ಲೈಟ್‌ಗಳ ಹೊರಕವಚ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ನದು. ಅದರ ಮೇಲಿನ ಕಾರ್ಖಾನೆಯ ರಕ್ಷಣಾ ಪದರ ಬಿಸಿಲಿಗೆ ಸವೆದಾಗ ಕವಚ ಹಳದಿಗಟ್ಟಿ ಮಸುಕಾಗುತ್ತದೆ. ರಾತ್ರಿ ಸರಕು ಸಾಗಿಸುವ ವಾಹನಗಳಿಗೆ ಇದು ಅಂದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ವಾಟರ್ ಪೇಪರ್‌ನಿಂದ ಒರಟಿನಿಂದ ನಯದ ಕಡೆಗೆ, ಉದಾಹರಣೆಗೆ 800, 1500, 3000 ಸಂಖ್ಯೆಗಳ ಕ್ರಮದಲ್ಲಿ, ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿದರೆ ಕವಚ ತಿಳಿಯಾಗುತ್ತದೆ. ಆದರೆ ಉಜ್ಜಿದಾಗ ಹಳೆಯ ರಕ್ಷಣಾ ಪದರವೂ ಹೋಗಿರುತ್ತದೆ. ನೇರಳಾತೀತ ಕಿರಣ ತಡೆಯುವ ಹೊಸ ಲೇಪನ ಹಚ್ಚದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್‌ನಿಂದ ಉಜ್ಜುವ ಅಗ್ಗದ ಉಪಾಯದ ಕೊರತೆಯೂ ಇದೇ.

ವ್ಯವಹಾರದ ದೃಷ್ಟಿಯಿಂದ

ಈ ಸೇವೆ ಆರಂಭಿಸುವವರು ಬಣ್ಣದ ದಪ್ಪ ಅಳೆಯುವ ಉಪಕರಣ, ಗಾಳಿಯಾಡುವ ಜಾಗ, ಕೆಲಸಗಾರರಿಗೆ ಕೈಗವಸು ಹಾಗೂ ದ್ರಾವಕದ ಆವಿಯನ್ನು ತಡೆಯುವ ಮುಖಗವಸುಗಳಿಗೆ ಮೊದಲೇ ವೆಚ್ಚ ಮಾಡುವುದು ಅವಶ್ಯ. ಸೇವೆ ಪಡೆಯುವವರು ಖಾತರಿಯ ಅವಧಿಯನ್ನಷ್ಟೇ ಅಲ್ಲ, ಅದರ ಷರತ್ತುಗಳನ್ನೂ ಲಿಖಿತವಾಗಿ ಪಡೆಯಬೇಕು. ಅನೇಕ ಖಾತರಿಗಳು ನಿಗದಿತ ತಪಾಸಣೆ ಮಾಡಿಸಿದಲ್ಲಿ ಮಾತ್ರ ಊರ್ಜಿತದಲ್ಲಿರುತ್ತವೆ.

ಒಟ್ಟಿನಲ್ಲಿ, ಲೇಪನವು ಆರೈಕೆಯ ಶ್ರಮವನ್ನು ತಗ್ಗಿಸುತ್ತದೆಯೇ ಹೊರತು ಆರೈಕೆಯನ್ನೇ ಅನಗತ್ಯವಾಗಿಸುವುದಿಲ್ಲ. ಈ ಮಿತಿಯನ್ನು ಗ್ರಾಹಕರಿಗೆ ಮೊದಲೇ ತಿಳಿಸುವ ಕಾರ್ಯಾಗಾರವೇ ಅವರ ವಿಶ್ವಾಸವನ್ನು ಉಳಿಸಿಕೊಳ್ಳಬಲ್ಲದು.